ಬೆಂಗಳೂರಿಂದ ಹಂಪಿಗೆ ಸೈಕಲ್: ನೀರಿನ ಲೆಕ್ಕ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ನಾವು ಹೊರಟಿದ್ದು ಅದು ಓಡಿಹೋದ ಮೇಲೆ. ಬಯಲುಸೀಮೆಯಲ್ಲಿ ಸೈಕಲ್ ಹೊಡೆಯಲು ಬುದ್ಧಿ ಇದ್ದವರು ಆರಿಸಿಕೊಳ್ಳುವ ಕಾಲ ಅದಲ್ಲ. ಆದರೆ ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ರಜೆ ಸಿಕ್ಕಿದ್ದೇ ಆಗ. ದಾರಿಯಲ್ಲಿ ಗೊಂದಲ ಏನಿಲ್ಲ. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ, ಹಂಪಿ. ಚಿತ್ರದುರ್ಗದ ತನಕ ರಾಷ್ಟ್ರೀಯ ಹೆದ್ದಾರಿ 48, ಆಮೇಲೆ 50.

ಫೋನಿನ ಮ್ಯಾಪು ಕಿಲೋಮೀಟರ್ ತೋರಿಸುತ್ತದೆ, ಏರು ಇಳಿತ ತೋರಿಸುತ್ತದೆ. ಮುಂದಿನ ನೀರು ಎಲ್ಲಿ ಅಂತ ಮಾತ್ರ ತೋರಿಸುವುದಿಲ್ಲ. ಹಾಗಾಗಿ ನಾನೇ ಒಂದು ಚೀಟಿ ಮಾಡಿಕೊಂಡೆ. ಎಡಕ್ಕೆ ಊರಿನ ಹೆಸರು. ಬಲಕ್ಕೆ ಅಲ್ಲಿಂದ ಮುಂದಿನ ನೀರಿಗೆ ಎಷ್ಟು ಹೊತ್ತು. ಕಿಲೋಮೀಟರ್ ಬರೆಯಲಿಲ್ಲ, ಗಂಟೆ ಬರೆದೆ. ಇಳಿಜಾರಿನ 20 ಕಿಲೋಮೀಟರಿಗೆ ಒಂದು ಬಾಟಲಿ ಧಾರಾಳ. ಎದುರುಗಾಳಿಯ 20 ಕಿಲೋಮೀಟರಿಗೆ ಎರಡೂ ಸಾಲದೆ ಹೋಗಬಹುದು.

ಗಂಟೆಗೆ ಎಷ್ಟು ನೀರು ಅಂತ ಮೊದಲು ಗೊತ್ತಿರಬೇಕಲ್ಲ. ಅದಕ್ಕೂ ಒಂದು ಸುಲಭದ ಉಪಾಯ ಇದೆ. ಹೊರಡುವ ಮುಂಚೆ ಬಟ್ಟೆ ಬಿಚ್ಚಿ ತೂಕ ನೋಡಿಕೊಳ್ಳಿ. ಬಿಸಿಲಲ್ಲಿ ಒಂದು ಗಂಟೆ ಸೈಕಲ್ ಹೊಡೆದು ಬಂದು, ಬೆವರು ಒರೆಸಿಕೊಂಡು ಮತ್ತೆ ನೋಡಿ. ನನ್ನ ತೂಕ 71.4 ಕಿಲೋ ಇದ್ದದ್ದು 70.6 ಆಗಿತ್ತು. ನಡುವೆ ಕುಡಿದಿದ್ದು 400 ಎಂಎಲ್. ಒಂದು ಕಿಲೋ ಅಂದರೆ ಒಂದು ಲೀಟರ್. ಅಲ್ಲಿಗೆ ಗಂಟೆಗೆ 1.2 ಲೀಟರ್ ಬೆವರು. ದೇಹದ ತೂಕದಲ್ಲಿ ನೂರಕ್ಕೆ 2ಕ್ಕಿಂತ ಜಾಸ್ತಿ ಇಳಿಯಲು ಬಿಡಬೇಡಿ ಅನ್ನುವುದು ಕ್ರೀಡಾ ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆ. ನನಗೆ ಅದು 1.4 ಕಿಲೋ. ನೀರೇ ಮುಟ್ಟದೆ ಹೋದರೆ ಸುಮಾರು 70 ನಿಮಿಷದಲ್ಲಿ ಅಲ್ಲಿಗೆ ತಲುಪಿರುತ್ತೇನೆ.

ಇದನ್ನು ಭಾವನಿಗೆ ಹೇಳಿದರೆ ನಕ್ಕರು. "ಬಾಯಾರಿದಾಗ ಕುಡಿದರೆ ಸಾಕು ಕಣಯ್ಯ. ಹಸು, ಎಮ್ಮೆ ಯಾವ ಚೀಟಿ ನೋಡಿ ಕುಡಿಯುತ್ತವೆ?"

ಅವರ ಮಾತು ತಪ್ಪೇನಲ್ಲ. ಬಾಯಾರಿಕೆಯನ್ನೇ ನಂಬಿ ಅನ್ನುವ ತಜ್ಞರೂ ಇದ್ದಾರೆ. ಆದರೆ ಬಾಯಾರಿದಾಗ ಕುಡಿಯಬೇಕಾದರೆ ಬಾಯಾರಿದ ಜಾಗದಲ್ಲಿ ನೀರು ಇರಬೇಕಲ್ವಾ? ನನ್ನ ಚೀಟಿ ಇದ್ದದ್ದು ಅದಕ್ಕೇ.

ಮೊದಲ ದಿನ: ಬೆಂಗಳೂರಿನಿಂದ ಸಿರಾ

ಬೆಳಗಿನ ಐದಕ್ಕೆ ಹೊರಟರೆ ನೆಲಮಂಗಲದವರೆಗೆ ಲಾರಿಗಳ ಕಾಟ ಸ್ವಲ್ಪ ಕಡಿಮೆ. ಬೆಳಕು ಹರಿಯುವ ಹೊತ್ತಿಗೆ ದಾಬಸ್‌ಪೇಟೆ ಹತ್ತಿರ ಎಡಗಡೆ ಶಿವಗಂಗೆ ಬೆಟ್ಟ ಕಾಣುತ್ತದೆ. ಆ ಬೆಟ್ಟದ ಮೇಲೆ ಒಳಕಲ್ಲು ತೀರ್ಥ ಇದೆ. ಬಂಡೆಯ ತೂತಿಗೆ ಕೈ ಇಳಿಬಿಟ್ಟರೆ ಕೆಲವರ ಬೆರಳಿಗೆ ನೀರು ತಾಗುತ್ತದೆ, ಕೆಲವರಿಗೆ ಇಲ್ಲ. ತಾಗಿದರೆ ಪುಣ್ಯವಂತರು ಅಂತ ಲೆಕ್ಕ. ನಾವು ಹತ್ತಲಿಲ್ಲ. ಪುಣ್ಯ ಎಷ್ಟಿದೆ ಅಂತ ಮೊದಲ ದಿನವೇ ಗೊತ್ತಾಗುವುದು ಬೇಡ ಅಂದರು ಭಾವ.

ಇಬ್ಬರೂ ನೀರು ಹೊತ್ತ ರೀತಿ ಬೇರೆ ಬೇರೆ. ನನ್ನ ಫ್ರೇಮಿನ ಒಳಗೆ ಬಾಟಲಿ ಸಿಕ್ಕಿಸುವ ಎರಡು ಕೇಜು, ಎರಡಕ್ಕೂ 750 ಎಂಎಲ್ ಬಾಟಲಿ. ಹಿಂದಿನ ಚೀಲದಲ್ಲಿ ಮಡಚಿ ಇಡಬಹುದಾದ ಒಂದು ಲೀಟರಿನ ಮೆತ್ತನೆ ಬಾಟಲಿ. ಬೇಕಾದಾಗ ತುಂಬಿಸುವುದು, ಬೇಡದಾಗ ಸುತ್ತಿ ಒಳಗಿಡುವುದು. ಭಾವನ ಬೆನ್ನಿಗೆ ಎರಡು ಲೀಟರಿನ ನೀರಿನ ಚೀಲ, ಭುಜದ ಮೇಲಿಂದ ಬಾಯಿಗೆ ಬರುವ ನಳಿಕೆ. ಜೊತೆಗೆ ಫ್ರೇಮಿನಲ್ಲಿ ಅವರಿಗೂ ಎರಡು ಬಾಟಲಿ.

ಬೆನ್ನಿನ ಚೀಲಕ್ಕೆ ಒಂದು ದೊಡ್ಡ ಗುಣ ಇದೆ. ಹ್ಯಾಂಡಲ್ ಬಿಡದೆ ಕುಡಿಯಬಹುದು. ರಸ್ತೆ ಕೆಟ್ಟಿರುವಾಗ, ಪಕ್ಕದಲ್ಲಿ ಬಸ್ಸು ಹಾದು ಹೋಗುವಾಗ ಅದು ಸಣ್ಣ ಅನುಕೂಲ ಏನಲ್ಲ. ಹಾಗಿದ್ದರೂ ನನಗೆ ಅದು ಹಿಡಿಸುವುದಿಲ್ಲ. ಎರಡು ಲೀಟರ್ ಅಂದರೆ ಎರಡು ಕಿಲೋ. ಆ ಭಾರ ಭುಜದ ಮೇಲೆ, ಸೀಟಿನ ಮೇಲೆ ಕೂರುತ್ತದೆ. ಬೆವರು ಆರಬೇಕಾದ ಬೆನ್ನು ಮುಚ್ಚಿಹೋಗುತ್ತದೆ. ಎಷ್ಟು ಕುಡಿದೆವು, ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುವುದೂ ಇಲ್ಲ. ಸಂಜೆ ನಳಿಕೆ ತೊಳೆಯುವುದಂತೂ ಬೇರೆಯೇ ಕೆಲಸ. ಎರಡು ದಿನ ಹಾಗೇ ಬಿಟ್ಟರೆ ಒಳಗೆ ಕಪ್ಪು ಬೂಸು.

ಫ್ರೇಮಿನ ಬಾಟಲಿಗೂ ತೊಂದರೆ ಇಲ್ಲದಿಲ್ಲ. ಮುಂದಿನ ಚಕ್ರ ಎರಚುವ ರಸ್ತೆಯ ಕೊಳಕೆಲ್ಲ ನೇರ ಬಾಟಲಿಯ ಬಾಯಿಗೇ ಬರುತ್ತದೆ. ಸಗಣಿ, ಡೀಸೆಲ್, ಕೆಸರು, ಏನಾದರೂ. ಅದಕ್ಕೇ ಬಾಯಿಯ ಮೇಲೆ ಇನ್ನೊಂದು ಮುಚ್ಚಳ ಇರುವ ಬಾಟಲಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಕುಡಿಯುವ ಮುಂಚೆ ಸ್ವಲ್ಪ ನೀರು ಚಿಮ್ಮಿಸಿ ಒರೆಸಿ. ಅಂಗಡಿಯ ಒಂದು ಲೀಟರಿನ ಬಾಟಲಿ ಸಾಮಾನ್ಯ ಕೇಜಿಗೆ ಕೂರುವುದಿಲ್ಲ, ದಪ್ಪ ಜಾಸ್ತಿ. ಅರ್ಧ ಲೀಟರಿನದು ಸಣ್ಣ, ರಸ್ತೆಯ ಮೊದಲ ಉಬ್ಬಿಗೇ ಹಾರಿ ಬೀಳುತ್ತದೆ. ಕೇಜಿನ ಸ್ಕ್ರೂ ಬಗ್ಗೆಯೂ ಒಂದು ಮಾತು. ಟೋಲ್ ಹತ್ತಿರದ ಸಣ್ಣ ಸಣ್ಣ ಸಾಲು ಹಂಪುಗಳ ಮೇಲೆ ಗಡಗಡ ಅಂತ ಹೋದಾಗ ಅವು ಸಡಿಲವಾಗುತ್ತವೆ. ಸಾಮಾನ್ಯವಾಗಿ ನಾಲ್ಕರ ಅಲೆನ್ ಕೀ ಸಾಕು. ದಿನಾ ಬೆಳಗ್ಗೆ ಒಮ್ಮೆ ಬಿಗಿ ಮಾಡಿಕೊಂಡರೆ ಆಯ್ತು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವುದು ಹೇಗೆ? ಬೆಣ್ಣೆ ಹಾಕಿಸಿಕೊಂಡು ತಿಂದೆವು. ತುಮಕೂರು ದಾಟಿದ ಮೇಲೆ ಎಳನೀರಿನ ರಾಶಿಗಳು. ಇದು ತೆಂಗಿನ ಜಿಲ್ಲೆ, ಕೇಳಬೇಕೇ? ಎಳನೀರು ನನಗೂ ಪ್ರಾಣ. ಆದರೆ ಅದೊಂದರಿಂದಲೇ ದಿನ ತಳ್ಳಬಹುದು ಅಂತ ಸೈಕಲ್ ಹೊಡೆಯುವ ಎಷ್ಟೋ ಜನ ನಂಬಿದ್ದಾರೆ, ಅದು ಸರಿಯಲ್ಲ. ಎಳನೀರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ. ಬೆವರಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ, ಅಂದರೆ ಉಪ್ಪಿನ ಅಂಶ. ಎಳನೀರು ಕುಡಿದು ಜೊತೆಗೆ ನಾಲ್ಕು ಉಪ್ಪುಗಡಲೆ ಬಾಯಿಗೆ ಹಾಕಿಕೊಂಡರೆ ಲೆಕ್ಕ ಚುಕ್ತಾ.

ಸೀಬಿ ದಾಟುವ ಹೊತ್ತಿಗೆ ಬಿಸಿಲು ತಲೆ ಮೇಲೆ. ಓಡುತ್ತಿರುವಾಗ ಬೆವರು ಬರುತ್ತಿದೆ ಅಂತಲೇ ಅನ್ನಿಸುವುದಿಲ್ಲ, ಗಾಳಿ ಅಲ್ಲಲ್ಲೇ ಆರಿಸಿಬಿಡುತ್ತದೆ. ನಿಲ್ಲಿಸಿದ ಅರ್ಧ ನಿಮಿಷಕ್ಕೆ ಗಲ್ಲದಿಂದ ತೊಟ್ಟಿಕ್ಕಲು ಶುರು. ನಾವು ತುಳಿಯುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಹೋಗುವುದು ಕಾಲು ಭಾಗವೋ ಅದಕ್ಕಿಂತ ಕಡಿಮೆಯೋ, ಉಳಿದದ್ದೆಲ್ಲ ಮೈಯ ಬಿಸಿ. ಆ ಬಿಸಿ ಹೊರಗೆ ಹೋಗಲು ಇರುವ ದೊಡ್ಡ ದಾರಿ ಬೆವರು ಆರುವುದು. ಆದ್ದರಿಂದ ಬೆವರು ಕಾಣಿಸಲಿಲ್ಲ ಅಂದರೆ ನೀರು ಹೋಗುತ್ತಿಲ್ಲ ಅಂತಲ್ಲ.

ಮಧ್ಯಾಹ್ನ ಸಿರಾದಲ್ಲಿ ಲಾಡ್ಜು ಹಿಡಿದು, ಫ್ಯಾನ್ ಹಾಕಿ ಮಲಗಿದೆವು.

ಎರಡನೇ ದಿನ: ಮಾರಿಕಣಿವೆ ಸುತ್ತಿ ಚಿತ್ರದುರ್ಗ

ಸಿರಾದಿಂದ ಮುಂದೆ ನೆಲದ ಬಣ್ಣವೇ ಬದಲಾಗುತ್ತದೆ. ಜಾಲಿ, ಕಲ್ಲು, ಅಲ್ಲಲ್ಲಿ ಕಡಲೆಕಾಯಿ ಕಿತ್ತ ಹೊಲ. ಜವಗೊಂಡನಹಳ್ಳಿಯಲ್ಲಿ ಟೀ ಕುಡಿಯಲು ನಿಂತಾಗ ಅಂಗಡಿಯವರು ಬಾಟಲಿಗೆ ನೀರು ಹಿಡಿಯಲು ಹೊರಟ ಭಾವನನ್ನು ತಡೆದರು.

"ಆ ನಲ್ಲಿ ಬೇಡ ಸಾರ್. ಅದು ಬೋರ್‌ವೆಲ್ಲು. ಫಿಲ್ಟರ್ ನೀರು ಒಳಗಿದೆ, ತಗೊಳ್ಳಿ."

ಈ ಭಾಗದ ಎಷ್ಟೋ ಊರಿನ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ಪಾವಗಡ, ಸಿರಾ, ಚಿತ್ರದುರ್ಗದ ಕಡೆ ಹಲ್ಲು ಕಂದುಗಟ್ಟಿದ, ಮೂಳೆ ಬಾಗಿದ ಜನರ ಕತೆ ಹೊಸದೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ ಅಷ್ಟೆ. ದಾರಿಹೋಕರು ಒಂದೆರಡು ದಿನ ಕುಡಿದರೆ ಏನೂ ಆಗದು. ವರ್ಷಾನುಗಟ್ಟಲೆ ಕುಡಿಯುವವರ ಪಾಡು ಬೇರೆ. ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿರುವುದಕ್ಕೆ ಇದೂ ಒಂದು ಕಾರಣ. ಸೈಕಲ್‌ನವರಿಗೆ ಆ ಘಟಕಗಳೇ ಈಗ ದೊಡ್ಡ ಆಸರೆ.

ಹಿರಿಯೂರಿನಿಂದ ಹೆದ್ದಾರಿ ಬಿಟ್ಟು ವಾಣಿವಿಲಾಸ ಸಾಗರಕ್ಕೆ ತಿರುಗಿದೆವು. ಇಲ್ಲಿನವರ ಬಾಯಲ್ಲಿ ಈಗಲೂ ಮಾರಿಕಣಿವೆ. ಹೋಗಿ ಬರಲು ಸುಮಾರು 40 ಕಿಲೋಮೀಟರ್ ಸುತ್ತು. "ಬೇಕಿತ್ತೇನೋ ಇದು?" ಅಂತ ಗೊಣಗಿಕೊಂಡೇ ಬಂದ ಭಾವ, ಏರಿ ಮೇಲೆ ನಿಂತಾಗ ಸುಮ್ಮನಾದರು. ಎರಡು ಗುಡ್ಡದ ಸಂದಿಗೆ ಕಲ್ಲು ಕಟ್ಟಿ ವೇದಾವತಿಯನ್ನು ನಿಲ್ಲಿಸಿದ್ದಾರೆ. ಮೈಸೂರು ಅರಸರ ಕಾಲದಲ್ಲಿ, 1907ರ ಹೊತ್ತಿಗೆ ಮುಗಿದ ಕೆಲಸ. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಹಾಗೆ ತುಂಬಿ ಹರಿದದ್ದು, ಆಮೇಲೆ ತುಂಬಿದ್ದು 2022ರಲ್ಲಿ. ನಡುವೆ 89 ವರ್ಷ! ಅಜ್ಜ ನೋಡಿದ ಕೋಡಿಯನ್ನು ಮೊಮ್ಮಗ ನೋಡಿದ ಹಾಗೆ. 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಈಗ ಭದ್ರಾ ನೀರೂ ಇಲ್ಲಿಗೆ ಬರುತ್ತದೆ.

ಏರಿಯ ಕೆಳಗಿನ ಅಂಗಡಿಯಲ್ಲಿ ಮಜ್ಜಿಗೆ ಸಿಕ್ಕಿತು. ಉಪ್ಪು, ಹಸಿಮೆಣಸಿನಕಾಯಿ, ಕೊತ್ತಂಬರಿ, ಚೂರು ಶುಂಠಿ. ಬಾಟಲಿಗೂ ಹಾಕಿಸಿಕೊಳ್ಳೋಣ ಅಂದರು ಭಾವ. ಬೇಡ ಅಂದೆ. ಬಿಸಿಲಲ್ಲಿ ಒಂದು ಗಂಟೆ ಕುಲುಕಿದ ಮಜ್ಜಿಗೆ ಏನಾಗುತ್ತದೆ ಅಂತ ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೇ ಗೊತ್ತಾಗುತ್ತದೆ. ವಾಸನೆ ವಾರವಾದರೂ ಹೋಗುವುದಿಲ್ಲ. ಮಜ್ಜಿಗೆ ನಿಂತಲ್ಲೇ ಕುಡಿಯಬೇಕು, ಎರಡು ಲೋಟ.

ಹಿರಿಯೂರಿಗೆ ವಾಪಸು ಬಂದು ಐಮಂಗಲದ ದಾರಿ ಹಿಡಿದಾಗ ಮಧ್ಯಾಹ್ನ. ಬಾಟಲಿಯ ನೀರು ಟೀಯಷ್ಟು ಬಿಸಿ. ಬಿಸಿ ನೀರು ದೇಹಕ್ಕೆ ಕೆಟ್ಟದ್ದೇನಲ್ಲ, ಆದರೆ ಕುಡಿಯಲು ಮನಸ್ಸೇ ಬರುವುದಿಲ್ಲ. ನಾವು ಮಾಡಿದ್ದು ಇಷ್ಟೆ: ಹಳೆಯ ಹತ್ತಿ ಕಾಲುಚೀಲವನ್ನು ನೀರಲ್ಲಿ ಅದ್ದಿ ಬಾಟಲಿಗೆ ತೊಡಿಸಿದೆವು. ಕೇಜಿನಲ್ಲಿ ಬಿಗಿಯಾಗಿ ಕೂತಿತು, ಕಟಕಟ ಸದ್ದೂ ನಿಂತಿತು. ಹದಿನೈದು ನಿಮಿಷ ಗಾಳಿಗೆ ಓಡಿದ ಮೇಲೆ ಕುಡಿದರೆ ನೀರು ತಂಪಾಗಿತ್ತು. ಮಡಕೆ ಕೆಲಸ ಮಾಡುವುದೂ ಇದೇ ದಾರಿಯಲ್ಲಿ, ಒದ್ದೆ ಆರುವಾಗ ಬಿಸಿ ಎಳೆದುಕೊಂಡು ಹೋಗುತ್ತದೆ. ಬಯಲುಸೀಮೆಯ ಒಣಗಾಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಂಗಳೂರು ಕಡೆಯ ಸೆಕೆಯಲ್ಲಿ ಮಾಡಿದರೆ ಒದ್ದೆ ಕಾಲುಚೀಲ ಒದ್ದೆಯಾಗಿಯೇ ಇರುತ್ತದೆ.

ಚಿತ್ರದುರ್ಗ ಹತ್ತಿರವಾದಂತೆ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು. ಅಲ್ಲಿ ಯಾಕೆ ನೆಟ್ಟಿದ್ದಾರೆ ಅಂತ ಸೈಕಲ್ ಮೇಲೆ ಹೋದವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೂರನೇ ದಿನ: ಕೋಟೆ

ಇದು ವಿಶ್ರಾಂತಿಯ ದಿನ. ಬೆಳಗ್ಗೆ ಕೋಟೆ ಹತ್ತಿದೆವು.

ಈ ಬಂಡೆಗಳ ಮೇಲೆ ನದಿ ಇಲ್ಲ. ಮಳೆಯೂ ಅಷ್ಟಕ್ಕಷ್ಟೆ. ಬಿದ್ದ ಮಳೆಯನ್ನೇ ಹಿಡಿದು ನಾಯಕರು ಊರು ನಡೆಸಿದರು. ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ. ಕೆಳಗೆ ಊರಲ್ಲಿ ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲಿನದು ತುಂಬಿದರೆ ಹೆಚ್ಚಾದ ನೀರು ಕೆಳಗಿನದಕ್ಕೆ ಹರಿಯುವ ಹಾಗೆ ಒಂದಕ್ಕೊಂದು ಸಂಬಂಧ ಇಟ್ಟಿದ್ದಾರೆ. ನೀರನ್ನು ಎಷ್ಟು ಹೊರಬೇಕು ಅಂತ ನಾವು ಯೋಚಿಸುತ್ತಿದ್ದೆವು. ಇವರು ನೀರು ಎಲ್ಲಿ ನಿಲ್ಲಬೇಕು ಅಂತ ಯೋಚಿಸಿ ಕೋಟೆಯನ್ನೇ ಹಾಗೆ ಕಟ್ಟಿಕೊಂಡಿದ್ದರು.

ಓಬವ್ವನ ಕಿಂಡಿ ಹತ್ತಿರ ತಣ್ಣೀರು ದೋಣಿ ಅಂತ ಇದೆ. ಬಂಡೆಯ ಬುಡದಲ್ಲಿ ಚಿಕ್ಕ ನೀರಿನ ಗುಂಡಿ. ಕತೆ ಎಲ್ಲರಿಗೂ ಗೊತ್ತು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಕುಡಿಯಲು ನೀರು ಇರಲಿಲ್ಲ, ಓಬವ್ವ ತರಲು ಬಂದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು. ಒನಕೆ ಹಿಡಿದ ಚಿತ್ರ ಪಠ್ಯಪುಸ್ತಕದಲ್ಲಿ ಎಲ್ಲರೂ ನೋಡಿದ್ದೇವೆ. ಕೊಡ ಹಿಡಿದು ಬಂದದ್ದು ಮೊದಲು ಅನ್ನುವುದು ಯಾಕೋ ಮರೆತುಹೋಗುತ್ತದೆ.

ಅಲ್ಲೇ ಭಾವ ಬಾಟಲಿಯನ್ನು ಕಲ್ಲಿನ ಮೇಲಿಟ್ಟು ಫೋಟೋ ತೆಗೆಯುತ್ತಿದ್ದರು. ಒಂದು ಹೆಣ್ಣುಕೋತಿ, ಹೊಟ್ಟೆಗೆ ಮರಿ ಅಂಟಿಸಿಕೊಂಡು ಬಂತು. ಬಾಟಲಿಯನ್ನು ಬಗಲಿಗೆ ಇರುಕಿಕೊಂಡು ಎರಡು ಹೆಜ್ಜೆ ಮೇಲೆ ಹತ್ತಿ ಕೂತಿತು. ಮೊದಲು ಮುಚ್ಚಳ ತಿರುಗಿಸಿ ನೋಡಿತು. ಬರಲಿಲ್ಲ. ಆಮೇಲೆ ರಬ್ಬರಿನ ಬಾಯನ್ನು ಹಲ್ಲಲ್ಲಿ ಕಚ್ಚಿ ಎಳೆಯಿತು. ಬಾಟಲಿ ಒತ್ತಿದಾಗ ಮುಖಕ್ಕೆ ನೀರು ಚಿಮ್ಮಿತು. ಒಂದು ಕ್ಷಣ ಬೆಚ್ಚಿ, ತಿರುಗಿ ಬೇಕು ಅಂತಲೇ ಒತ್ತಿ ಕುಡಿಯತೊಡಗಿತು. ಮರಿ ಕೆಳಗಿನಿಂದ ಹನಿ ನೆಕ್ಕುತ್ತಿತ್ತು.

"ಭಾವ, 600 ರೂಪಾಯಿ ಬಾಟಲಿ," ಅಂದೆ.

"ಬಿಡಯ್ಯ. ನನಗಿಂತ ಬೇಗ ಕಲಿತುಬಿಟ್ಟಿತು ಅದು," ಅಂದರು.

ಸಂಜೆ ಪೇಟೆಯಲ್ಲಿ ಹೊಸ ಬಾಟಲಿ, ನಿಂಬೆಹಣ್ಣು, ಓಆರ್‌ಎಸ್ ಪ್ಯಾಕೆಟ್ ತೆಗೆದುಕೊಂಡೆವು. ಮೆಡಿಕಲ್ ಶಾಪಿನಲ್ಲಿ ಕೇಳುವಾಗ ಹುಷಾರು. ಬಣ್ಣದ ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳನ್ನೂ ಅದೇ ಹೆಸರಲ್ಲಿ ಮಾರುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಹಾಕಬಾರದು ಅಂತ ಆದೇಶ ಹೊರಡಿಸಿತು. ನಿಜವಾದ್ದರಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಒಟ್ಟು 20.5 ಗ್ರಾಂ. ಗ್ಲೂಕೋಸ್ ರುಚಿಗೆ ಅಂತ ಹಾಕಿದ್ದಲ್ಲ. ಕರುಳಿನಲ್ಲಿ ಅದು ಸೋಡಿಯಂ ಜೊತೆ ಸೇರಿಯೇ ಒಳಗೆ ಹೋಗುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ.

ಈ ಪುಡಿಯ ಹಿಂದೆ ನಮ್ಮ ದೇಶದ ಡಾಕ್ಟರ್ ಒಬ್ಬರಿದ್ದಾರೆ, ದಿಲೀಪ್ ಮಹಲನಬಿಸ್. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ನರಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂದಿತ್ತು. ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಕುಡಿಸಲು ಶುರು ಮಾಡಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಅವರು ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಬಂತು.

ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ ಅಳತೆ ಮಾಡಿದ್ದು. 750 ಎಂಎಲ್ ಬಾಟಲಿಗೆ ಪೂರ್ತಿ ಸುರಿದರೆ ಗಟ್ಟಿಯಾಗುತ್ತದೆ, ಹೊಟ್ಟೆ ಕೆಡುತ್ತದೆ. ಅಂದಾಜಿಗೆ ಅರ್ಧ ಸುರಿಯುವುದೂ ಸರಿಯಲ್ಲ, ಪುಡಿ ಒಳಗೆ ಸಮನಾಗಿ ಬೆರೆತಿರುವುದಿಲ್ಲ. ನಾನು ಒಂದು ಲೀಟರಿನ ಮೆತ್ತನೆ ಬಾಟಲಿಯಲ್ಲಿ ಕಲಸಿ, ಅದರಿಂದ ಚಿಕ್ಕ ಬಾಟಲಿಗೆ ಬಗ್ಗಿಸಿಕೊಳ್ಳುತ್ತೇನೆ. 200 ಎಂಎಲ್ ಅಳತೆಯ ಚಿಕ್ಕ ಪ್ಯಾಕೆಟ್ಟೂ ಸಿಗುತ್ತದೆ, ಅದು ಇನ್ನೂ ಸಲೀಸು. ಮೂಲತಃ ಇದು ವಾಂತಿ ಭೇದಿಗೆ ಮಾಡಿದ್ದು, ದಿನವಿಡೀ ಕುಡಿಯುವ ಶರಬತ್ತಲ್ಲ. ಬಿಪಿ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ನಾಲ್ಕನೇ ದಿನ: ಚಿತ್ರದುರ್ಗದಿಂದ ಹೊಸಪೇಟೆ

ಚೀಟಿಯಲ್ಲಿ ಕೆಂಪು ಗೆರೆ ಎಳೆದುಕೊಂಡಿದ್ದು ಈ ದಿನಕ್ಕೆ. ಹೆಚ್ಚುಕಡಿಮೆ 130 ಕಿಲೋಮೀಟರ್. ನಾಲ್ಕು ಪಥದ ರಸ್ತೆ, ನುಣುಪಾಗಿದೆ. ಆದರೆ ರಸ್ತೆ ಅಗಲವಾದಾಗ ಮರಗಳು ಹೋದವು, ಊರುಗಳು ಪಕ್ಕಕ್ಕೆ ಸರಿದವು. ಊರಿನೊಳಗೆ ಹೋಗದೆ ಹೆದ್ದಾರಿ ಮೇಲಿಂದಲೇ ದಾಟಿಬಿಡುತ್ತದೆ. ಕಾರಿನವರಿಗೆ ಸುಖ. ನಮಗೆ, ನೀರು ಬೇಕು ಅಂದರೆ ಸರ್ವಿಸ್ ರಸ್ತೆಗೆ ಇಳಿದು, ಊರೊಳಗೆ ಹೋಗಿ, ತಿರುಗಿ ಏರಬೇಕು. ಹಳೆಯ ಕಿರಿದಾದ ರಸ್ತೆಯಲ್ಲಿ ಹುಣಸೆ ಮರದ ನೆರಳಿಗೊಂದು ಟೀ ಅಂಗಡಿ ಇರುತ್ತಿತ್ತು. ಈ ಒಂದು ವಿಷಯದಲ್ಲಿ ನನಗೆ ಹಳೆ ರಸ್ತೆಯೇ ಇಷ್ಟ.

ಹಾಗಾಗಿ ಆ ದಿನ ಮಾತ್ರ ಇದ್ದ ಬಾಟಲಿ, ಚೀಲ ಎಲ್ಲ ತುಂಬಿಸಿ ಹೊತ್ತೆವು. ಉಳಿದ ದಿನ ಅಷ್ಟು ಹೊರುವುದು ದಡ್ಡತನ, ಏರಿನಲ್ಲಿ ಕಾಲಿಗೆ ಸುಮ್ನೆ ಶಿಕ್ಷೆ. ಒಂದು ಬಾಟಲಿಯಲ್ಲಿ ಬರಿ ನೀರು, ಇನ್ನೊಂದರಲ್ಲಿ ನಿಂಬೆ, ಉಪ್ಪು, ಸಕ್ಕರೆ. ಒಂದಾದರೂ ಬರಿ ನೀರಿರಬೇಕು, ಯಾಕೆಂದರೆ ತಲೆಗೆ, ಕುತ್ತಿಗೆಗೆ ಸುರಿದುಕೊಳ್ಳಬೇಕಾಗುತ್ತದೆ. ಗಾಯ ತೊಳೆಯಲೂ ಬೇಕು. ಸಕ್ಕರೆ ನೀರು ತಲೆಗೆ ಸುರಿದುಕೊಂಡರೆ ನೊಣಗಳೂ ಹೊಸಪೇಟೆಗೆ ಬರುತ್ತವೆ.

ಐದಕ್ಕೆ ಲೈಟ್ ಹಾಕಿಕೊಂಡು ಹೊರಟು, ಬಿಸಿಲೇರುವ ಮುಂಚೆ ಅರ್ಧ ದಾರಿ ಮುಗಿಸುವುದು ಉಪಾಯ. ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು. ಒಮ್ಮೆಗೇ ಬಾಟಲಿ ಖಾಲಿ ಮಾಡಿದರೆ ಹೊಟ್ಟೆಯಲ್ಲಿ ಗುಳುಗುಳು. ಗಂಟೆಗೆ ಸುಮಾರು ಒಂದು ಲೀಟರಿಗಿಂತ ಜಾಸ್ತಿ ಒಳಗೆ ತೆಗೆದುಕೊಳ್ಳುವುದು ಹೊಟ್ಟೆಗೂ ಕಷ್ಟ.

ಕಾನಾಹೊಸಹಳ್ಳಿಗೆ ಮುಂಚಿನ ಒಂದು ಹಳ್ಳಿಯಲ್ಲಿ ನೀರಿನ ಘಟಕ ಕಾಣಿಸಿತು. ನೀಲಿ ಶೀಟಿನ ಚಿಕ್ಕ ಕೋಣೆ, ಗೋಡೆಯಲ್ಲಿ ಕಾಯಿನ್ ಹಾಕುವ ಕಿಂಡಿ, ಕೆಳಗೆ ಸ್ಟೀಲಿನ ಪೈಪು. ಕಾಯಿನ್ ಹಾಕಿದರೆ 20 ಲೀಟರ್ ಒಂದೇ ಸಮನೆ ಸುರಿಯುತ್ತದೆ, ನಿಲ್ಲಿಸಲು ಗುಂಡಿ ಇಲ್ಲ. ನಮ್ಮದೋ ಪುಟ್ಟ ಬಾಟಲಿಗಳು. ಉಳಿದ ನೀರು ಮೋರಿಗೆ ಹೋಗುವುದು ನೋಡಲು ಆಗುತ್ತದೆಯೇ? ಸೈಕಲ್ ಹಿಡಿದು ನಿಂತಿದ್ದಾಗ, ಟಿವಿಎಸ್ ಎಕ್ಸ್‌ಎಲ್ ಮೇಲೆ ಎರಡು ಕ್ಯಾನ್ ಇಟ್ಟುಕೊಂಡು ಒಬ್ಬ ಅಮ್ಮ ಬಂದರು.

"ಕಾಯಿನ್ ಹಾಕ್ಬ್ಯಾಡ್ರಿ, ತಡೀರಿ. ನನ್ನ ಕ್ಯಾನಿಗೆ ಹಾಕ್ತೀನಿ, ಮೊದ್ಲು ನೀವ್ ಹಿಡ್ಕೊಳ್ರಿ."

"ನಿಮ್ಮ ಕ್ಯಾನ್ ತುಂಬಲ್ವಲ್ಲಮ್ಮ," ಅಂದೆ.

"ಒಂದ್ ಚೊಂಬು ಕಮ್ಮಿ ಆದ್ರೆ ಏನಾಗ್ತೈತಿ? ಎಲ್ಲಿಂದ ಬಂದ್ರಿ? ಬೆಂಗ್ಳೂರಿಂದಾ? ಅಯ್ಯೋ, ಬಸ್ ಇರ್ಲಿಲ್ಲೇನ್ರಿ!"

ನಮ್ಮ ಬಾಟಲಿ ತುಂಬಿದ ಮೇಲೆ ಕ್ಯಾನನ್ನು ಪೈಪಿನ ಕೆಳಗೆ ತಳ್ಳಿದರು. ದುಡ್ಡು ಕೊಡಲು ಹೋದರೆ ಬೈದರು.

ಕೂಡ್ಲಿಗಿ ಹತ್ತಿರ ಬಂದಾಗ ಭಾವ ಹಿಂದೆ ಬೀಳತೊಡಗಿದರು. ನಿಲ್ಲಿಸಿ ನೋಡಿದರೆ ಮುಖ ಸಪ್ಪೆ. ತಲೆನೋವು, ವಾಕರಿಕೆ. ಬೆರಳು ಊದಿ ಉಂಗುರ ಬಿಗಿಯಾಗಿತ್ತು. ಜರ್ಸಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆಗಳು. "ನೀರು ಕುಡೀತಾನೇ ಇದ್ದೀನಿ ಕಣೋ," ಅಂದರು. ನಿಜ. ಬೆನ್ನಿನ ಚೀಲ ಪೂರ್ತಿ ಖಾಲಿಯಾಗಿ, ಮತ್ತೆ ತುಂಬಿಸಿ, ಅದೂ ಮುಗಿಯುತ್ತಾ ಬಂದಿತ್ತು. ಎಲ್ಲವೂ ಬರಿ ನೀರು. ಉಪ್ಪಿನ ಬಾಟಲಿ ಮುಟ್ಟಿರಲಿಲ್ಲ, ರುಚಿ ಸೇರಲಿಲ್ಲವಂತೆ. ಅಷ್ಟು ಹೊತ್ತು ತಿಂದಿದ್ದು ಬೆಳಗಿನ ಎರಡು ಬಾಳೆಹಣ್ಣು.

ನಾನು ಡಾಕ್ಟರಲ್ಲ, ಇದೇ ಕಾರಣ ಅಂತ ಹೇಳಲಾರೆ. ಆದರೆ ನೀರು ಕಡಿಮೆಯಾದಾಗ ಆಗುವ ಹಾಗೇ, ಉಪ್ಪಿಲ್ಲದ ನೀರು ಮಿತಿಮೀರಿದಾಗಲೂ ತಲೆನೋವು, ವಾಕರಿಕೆ ಬರುತ್ತದೆ. ರಕ್ತದ ಸೋಡಿಯಂ ತೆಳ್ಳಗಾಗುತ್ತದೆ. ಅದು ವಿಪರೀತಕ್ಕೆ ಹೋದರೆ ಗೊಂದಲ, ಫಿಟ್ಸು, ಪ್ರಾಣಾಪಾಯ. 2002ರ ಬಾಸ್ಟನ್ ಮ್ಯಾರಥಾನ್ ಓಡಿದವರಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಜಾಸ್ತಿ. ಅಂದರೆ ಬೆವರಿಗಿಂತ ಹೆಚ್ಚು ಕುಡಿದವರು. ನೀರು ಕುಡಿಯಿರಿ, ಇನ್ನೂ ಕುಡಿಯಿರಿ ಅಂತ ಬೆನ್ನು ಹತ್ತುವ ಗೆಳೆಯರು ಇದನ್ನು ಗಮನಿಸಬೇಕು.

ನೀರು ನಿಲ್ಲಿಸಿ ಅಂದೆ. ಕೂಡ್ಲಿಗಿ ಪೇಟೆಯಲ್ಲಿ ನೆರಳಲ್ಲಿ ಕೂರಿಸಿದೆ. ಮಾತು ಸ್ಪಷ್ಟವಾಗಿದೆಯಾ, ಹೆಸರು ಊರು ಸರಿಯಾಗಿ ಹೇಳುತ್ತಾರಾ ಅಂತ ಕೇಳಿ ನೋಡಿದೆ. ಸ್ವಲ್ಪ ಏರುಪೇರಾದರೂ ನೇರ ಆಸ್ಪತ್ರೆಗೆ ಅಂತ ಮನಸ್ಸಲ್ಲೇ ಇತ್ತು. "ನಿನ್ನ ಅಕ್ಕನ ಹೆಸರು ಮರೆತರೆ ನನಗೆ ಉಳಿಗಾಲ ಇದೆಯೇನೋ," ಅಂದರು. ಸರಿ, ತಲೆ ನೆಟ್ಟಗಿದೆ. ಮಂಡಕ್ಕಿ, ಮಿರ್ಚಿ ತರಿಸಿದೆ. ಮಂಡಕ್ಕಿಗೆ ಒಗ್ಗರಣೆ, ಪುಟಾಣಿ ಹಿಟ್ಟು, ಉಪ್ಪು ಎಲ್ಲ ಮುಂದಾಗಿಯೇ ಇತ್ತು. ನಿಧಾನಕ್ಕೆ ಒಂದು ಪ್ಲೇಟು ಮುಗಿಸಿದರು. ಎರಡು ಸಲ ಮೂತ್ರಕ್ಕೆ ಹೋಗಿ ಬಂದ ಮೇಲೆ ಮುಖಕ್ಕೆ ಕಳೆ ಬಂತು, ಉಂಗುರ ತಿರುಗತೊಡಗಿತು. ಆದರೂ ನಾಲ್ಕು ಗಂಟೆಯವರೆಗೆ ನಾವು ಅಲುಗಲಿಲ್ಲ.

ಹೊಸಪೇಟೆ ಮುಟ್ಟಿದಾಗ ಕತ್ತಲಾಗಿತ್ತು. ಅಕ್ಕನಿಗೆ ಫೋನಿನಲ್ಲಿ ಏನು ಹೇಳಿದರೋ ನಾನು ಕೇಳಿಸಿಕೊಳ್ಳಲಿಲ್ಲ.

ಐದನೇ ದಿನ: ಹಂಪಿ

ಹೊಸಪೇಟೆಯಿಂದ ಹಂಪಿಗೆ 13 ಕಿಲೋಮೀಟರ್. ಚೀಲ, ಸಾಮಾನು ಲಾಡ್ಜಿನಲ್ಲೇ ಬಿಟ್ಟು, ಒಂದೊಂದೇ ಬಾಟಲಿ ಹಾಕಿಕೊಂಡು ಹೊರಟೆವು. ಕಮಲಾಪುರದ ಕೆರೆ ಪಕ್ಕದಲ್ಲಿ ಸಾಗುವಾಗ ಗಾಳಿಯೇ ಬೇರೆ. ತುರ್ತು ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಎರಡೂ ಕಡೆ ಬಾಳೆ ತೋಟ. ವಿಜಯನಗರದವರು ತೋಡಿಸಿದ ಕಾಲುವೆ ಇಂದಿಗೂ ಹೊಲಕ್ಕೆ ನೀರು ಕೊಡುತ್ತಿದೆ.

ಅರಮನೆಯ ಆವರಣದ ಮೆಟ್ಟಿಲು ಪುಷ್ಕರಣಿಯನ್ನು ಎಲ್ಲರೂ ಫೋಟೋದಲ್ಲಿ ನೋಡಿರುತ್ತೀರಿ. ಅದು ಮಣ್ಣಲ್ಲಿ ಹೂತಿತ್ತು, 1980ರ ದಶಕದಲ್ಲಿ ಅಗೆದಾಗ ಸಿಕ್ಕಿತು. ಹತ್ತಿರ ಹೋಗಿ ನೋಡಿದರೆ ಕಪ್ಪು ಕಲ್ಲುಗಳ ಮೇಲೆ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯದು ಅಂತ ಕೆತ್ತಿ ತಂದು ಜೋಡಿಸಿದ್ದಾರೆ. ಪಕ್ಕದಲ್ಲಿ ಕಂಬಗಳ ಮೇಲೆ ಹಾದುಹೋಗುವ ಕಲ್ಲಿನ ನೀರ್ದೋಣಿ. ಅದರ ಒಳಮೈಗೆ ಭಾವ ಬೆರಳಾಡಿಸಿ ನೋಡಿದರು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್, ಒಂದು ಕೆರೆಯ ಕೆಲಸದಲ್ಲಿ 15-20 ಸಾವಿರ ಜನ ಇರುವೆಗಳ ಹಾಗೆ ಕಂಡರು ಅಂತ ಬರೆದಿಟ್ಟಿದ್ದಾನೆ.

ರಸ್ತೆ ಬದಿಯ ಭೋಜನಶಾಲೆಯಲ್ಲಿ ಕಾಲುವೆಯ ಆಚೆ ಈಚೆ ಸಾಲಾಗಿ ಕಲ್ಲಿನ ತಟ್ಟೆಗಳು. ಊಟದ ತಟ್ಟೆ ಇದ್ದಲ್ಲಿಗೇ ನೀರು ಬರುವ ವ್ಯವಸ್ಥೆ. ನನ್ನ ಹ್ಯಾಂಡಲ್ ಬಾರಿಗೂ ಒಂದು ಹಾಗೆ ಇದ್ದಿದ್ದರೆ ಅನ್ನಿಸಿತು.

ರಾತ್ರಿ ಹಂಪಿ ಎಕ್ಸ್‌ಪ್ರೆಸ್. ಸೈಕಲ್‌ಗಳನ್ನು ಪಾರ್ಸೆಲ್ ಕೌಂಟರಿನಲ್ಲಿ ಬುಕ್ ಮಾಡಬೇಕು, ಒಂದೆರಡು ಗಂಟೆ ಮುಂಚೆ ಹೋಗಿ. ಬಾಟಲಿ, ಪಂಪು, ಲೈಟು ಎಲ್ಲ ಬಿಚ್ಚಿ ಕೈಚೀಲಕ್ಕೆ ಹಾಕಿಕೊಳ್ಳಿ, ಲಗೇಜ್ ಬೋಗಿಯಲ್ಲಿ ಬಿದ್ದುಹೋದರೆ ಹುಡುಕಲು ಆಗುವುದಿಲ್ಲ. ಪ್ಲಾಟ್‌ಫಾರಂ ಮೇಲೆ ಕೂತಾಗಲೇ ಭಾವ ಮುಂದಿನ ದಾರಿ ತೆಗೆದರು: ಹೊಸಪೇಟೆ, ಕುಷ್ಟಗಿ, ಗಜೇಂದ್ರಗಡ, ಬಾದಾಮಿ. ಮಹಾಕೂಟದಲ್ಲಿ ಊಟೆಯ ನೀರಿನ ಪುಷ್ಕರಣಿ ಇದೆ, ಅಲ್ಲಿ ಈಜಬೇಕು ಅಂತ ಅವರ ಆಸೆ. ಬೆನ್ನಿನ ಚೀಲ ನನಗೆ ಕೊಟ್ಟುಬಿಡುತ್ತಾರಂತೆ. ಬೇಡ ಅಂದಿದ್ದೇನೆ.

ಕುಷ್ಟಗಿಯಿಂದ ಬಾದಾಮಿಗೆ ಆ ದಾರಿಯಲ್ಲಿ ಸೈಕಲ್ ಮೇಲೆ ಹೋದವರು ಇದ್ದರೆ ತಿಳಿಸಿ. ಕಿಲೋಮೀಟರ್ ಬೇಡ, ನೀರಿನ ಘಟಕ ಯಾವ ಯಾವ ಊರಲ್ಲಿ ಇದೆ, ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಅಷ್ಟು ಸಾಕು.